ನಿಜ ಬರೆದವನನ್ನು ಒಮ್ಮೆ ಕರೆದು ಕೇಳಿರಿ: ಹುಬ್ಬಳ್ಳಿ-ಧಾರವಾಡದ ಉದ್ಯೋಗದಾತರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಗೋಕುಲ ರಸ್ತೆಯ ಕೈಗಾರಿಕಾ ವಸಾಹತು, ತಾರಿಹಾಳ ಮತ್ತು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳ ಕಾರ್ಖಾನೆ ಮಾಲೀಕರಿಗೂ, ಅಲ್ಲಿಯ ಸಿಬ್ಬಂದಿ ವಿಭಾಗಗಳಲ್ಲಿ ಕುಳಿತು ದಿನವೂ ಅರ್ಜಿಗಳನ್ನು ಓದುವ ಅಧಿಕಾರಿಗಳಿಗೂ, ಅವಳಿ ನಗರದ ಆಸ್ಪತ್ರೆ, ಶಾಲೆ, ಮಳಿಗೆ, ಸಾಫ್ಟ್‌ವೇರ್ ಕಚೇರಿಗಳಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಎಲ್ಲರಿಗೂ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾನೂ ನಿಮ್ಮಂತೆಯೇ ಆ ಕುರ್ಚಿಯಲ್ಲಿ ಕುಳಿತವನು. ಯಂತ್ರಭಾಗಗಳನ್ನು ತಯಾರಿಸುವ ಒಂದು ಕಾರ್ಖಾನೆಗೆ ಟೈಮ್ ಕೀಪರ್ ಆಗಿ ಸೇರಿ, ಹಾಜರಿ ಪುಸ್ತಕ, ಪಗಾರ ಪಟ್ಟಿ, ಪಿಎಫ್ ಲೆಕ್ಕಗಳ ನಡುವೆ 31 ವರ್ಷ ಕಳೆದು, ಸಿಬ್ಬಂದಿ ಅಧಿಕಾರಿಯಾಗಿ ನಿವೃತ್ತನಾದೆ. ಕೆಲಸ ಕೇಳಿ ಬಂದವರು ತಮ್ಮ ಹಿಂದಿನ ಉದ್ಯೋಗದ ಬಗ್ಗೆ ಅರ್ಜಿಯಲ್ಲಿ ಏನು ಬರೆಯುತ್ತಾರೆ, ಏನು ಬಿಡುತ್ತಾರೆ ಮತ್ತು ಅದನ್ನು ಓದಿ ನಾವು ಏನು ಮಾಡುತ್ತೇವೆ ಎಂಬ ಒಂದೇ ವಿಷಯಕ್ಕೆ ಈ ಪತ್ರ ಸೀಮಿತವಾಗಿದೆ.

ನಮ್ಮ ಓಣಿಯಲ್ಲಿ ಖೋಲಿ ಹಿಡಿದು ಇರುವ ಸವಣೂರು ಕಡೆಯ ಹುಡುಗನೊಬ್ಬ ಕೆಲವು ತಿಂಗಳ ಹಿಂದೆ ಒಂದು ಅರ್ಜಿ ನಮೂನೆಯನ್ನು ಹಿಡಿದು ನನ್ನ ಮನೆಗೆ ಬಂದ. ಐಟಿಐ ಟರ್ನರ್ ಮುಗಿಸಿದ ಹುಡುಗ, ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ಕೈ ಚೆನ್ನಾಗಿ ಕೂತಿದೆ. ಅರ್ಜಿಯ ಮೂರನೇ ಪುಟದಲ್ಲಿ ‘ಈವರೆಗೆ ಮಾಡಿದ ಎಲ್ಲ ಉದ್ಯೋಗಗಳ ವಿವರ’ ಎಂಬ ಕೋಷ್ಟಕವಿತ್ತು, ಅದರ ಕೊನೆಯ ಅಂಕಣ ‘ಬಿಟ್ಟ ಕಾರಣ’. ಅವನು ಮೊದಲು ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ನಾಲ್ಕು ತಿಂಗಳು ದುಡಿದಿದ್ದ. ಕೊನೆಯ ಎರಡು ತಿಂಗಳ ಪಗಾರವನ್ನು ಕೊಡದೆ ಸತಾಯಿಸಿದ್ದರಿಂದ ಅಲ್ಲಿಂದ ಹೊರಬಿದ್ದಿದ್ದ. ಆಮೇಲೆ ಇನ್ನೊಂದು ಕಡೆ ಹದಿನಾಲ್ಕು ತಿಂಗಳು ಕೆಲಸ ಮಾಡಿದ್ದ. ಅರ್ಜಿ ಟೈಪ್ ಮಾಡಿಸಲು ಹೋದಾಗ ಕಂಪ್ಯೂಟರ್ ಅಂಗಡಿಯವನು, ನಾಲ್ಕು ತಿಂಗಳಿನದನ್ನು ಬಿಟ್ಟುಬಿಡು, ಹದಿನಾಲ್ಕನ್ನು ಹದಿನೆಂಟು ಮಾಡು, ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದು ಹೇಳಿದ್ದನಂತೆ. ಹುಡುಗನಿಗೆ ಮನಸ್ಸು ಒಪ್ಪಿರಲಿಲ್ಲ. “ಕಾಕಾ, ಈ ನಾಕ ತಿಂಗಳದ್ದು ಬರೀಲೋ ಬ್ಯಾಡೋ?” ಎಂದು ಕೇಳಿದ. ನಾನು ಬರೆ ಎಂದೆ. ಕಾರಣವನ್ನೂ ಒಂದೇ ಸಾಲಿನಲ್ಲಿ, ಯಾರನ್ನೂ ಬೈಯದೆ, ‘ಎರಡು ತಿಂಗಳ ವೇತನ ಬಾಕಿ ಉಳಿದ ಕಾರಣ ಬಿಟ್ಟೆನು’ ಎಂದು ಬರೆಯಿಸಿದೆ.

ಸಂದರ್ಶನದಲ್ಲಿ ಅವನ ಕೈಗೆ ಒಂದು ಡ್ರಾಯಿಂಗ್ ಕೊಟ್ಟು ಓದಿಸಲಿಲ್ಲ, ಒಂದು ಜಾಬ್ ತಿರುಗಿಸಿ ತೋರಿಸು ಎನ್ನಲಿಲ್ಲ. ಕೇಳಿದ್ದೆಲ್ಲ ಆ ನಾಲ್ಕು ತಿಂಗಳ ಬಗ್ಗೆಯೇ. ನಮ್ಮಲ್ಲಿಯೂ ಹೀಗೆಯೇ ಬಿಟ್ಟು ಹೋಗುವವನು ಎಂದು ಅಧಿಕಾರಿಗಳು ತೀರ್ಮಾನಿಸಿಬಿಟ್ಟರು. ಅದೇ ಖೋಲಿಯಲ್ಲಿದ್ದ ಅವನ ಗೆಳೆಯ ಎರಡು ಸಣ್ಣ ಕೆಲಸಗಳನ್ನು ಅರ್ಜಿಯಿಂದ ತೆಗೆದು ಹಾಕಿದ್ದ, ಅವನಿಗೆ ಅಲ್ಲಿಯೇ ಕೆಲಸ ಸಿಕ್ಕಿತು. ಹುಡುಗ ನನ್ನ ಮೇಲೆ ಸಿಟ್ಟಾಗಲಿಲ್ಲ. “ನೀವು ಹೇಳಿದ್ದು ಖರೇನ ಐತ್ರಿ ಕಾಕಾ. ಆದ್ರ ಖರೇ ಬರದಾಂವಗ ಕೆಲಸಾ ಸಿಗಲಿಲ್ಲಲ್ರಿ” ಎಂದಷ್ಟೇ ಹೇಳಿದ. ಅವನಿಗೆ ಕೊಡಲು ನನ್ನ ಹತ್ತಿರ ಉತ್ತರವಿರಲಿಲ್ಲ. ಅದು ನಿಮ್ಮ ಹತ್ತಿರ ಇದೆ ಎಂದು ನಂಬಿ ಬರೆಯುತ್ತಿದ್ದೇನೆ.

ಈ ಮಾತನ್ನು ಹೇಳುವ ಹಕ್ಕು ನನಗೆ ಬರಬೇಕಾದರೆ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ನಮ್ಮ ಕಾರ್ಖಾನೆಯ ಉಗ್ರಾಣಕ್ಕೆ ಒಬ್ಬ ಸ್ಟೋರ್ ಕೀಪರ್ ಬೇಕಾಗಿದ್ದ. ಕೊನೆಗೆ ಇಬ್ಬರು ಉಳಿದಿದ್ದರು. ಒಬ್ಬ ತನ್ನ ಕೈಬರಹದಲ್ಲಿ, ಹಿಂದಿನ ಕಡೆ ಮೇಲ್ವಿಚಾರಕರೊಂದಿಗೆ ಜಗಳವಾಗಿ ತನ್ನನ್ನು ಕೆಲಸದಿಂದ ತೆಗೆದರೆಂದು ಬರೆದಿದ್ದ. ಇನ್ನೊಬ್ಬನ ಅರ್ಜಿಯಲ್ಲಿ ಒಂದು ಕಲೆಯೂ ಇರಲಿಲ್ಲ. ಮೂರು ವರ್ಷದ ಅನುಭವ ಪತ್ರ, ಅದರ ಮೇಲೆ ದುಂಡನೆಯ ಮೊಹರು. ನಾನು ಮೊದಲಿನವನ ಅರ್ಜಿಯನ್ನು ಕಟ್ಟಿನ ಕೆಳಗೆ ಸರಿಸಿದೆ. ಅವನನ್ನು ಕರೆದು ಜಗಳ ಯಾತಕ್ಕೆ ಆಯಿತು ಎಂದು ಕೇಳಲು ಹತ್ತು ನಿಮಿಷ ಸಾಕಾಗಿತ್ತು, ಆ ಹತ್ತು ನಿಮಿಷವನ್ನು ನಾನು ಕೊಡಲಿಲ್ಲ. ಎರಡನೆಯವನು ಸೇರಿದ. ವರ್ಷ ತುಂಬುವುದರೊಳಗೆ ಉಗ್ರಾಣದ ಲೆಕ್ಕ ತಪ್ಪತೊಡಗಿತು. ವಿಚಾರಿಸಿದಾಗ, ಅನುಭವ ಪತ್ರದಲ್ಲಿದ್ದ ವಿಳಾಸದಲ್ಲಿ ಅಂಥ ಸಂಸ್ಥೆಯೇ ಇರಲಿಲ್ಲ. ಮೊದಲಿನವನನ್ನು ಮುಂದೊಮ್ಮೆ ಹಳೇ ಬಸ್ ನಿಲ್ದಾಣದ ಹತ್ತಿರ ಕಂಡೆ. ಬೇರೆ ಒಂದು ಕಡೆ ಅಷ್ಟೊತ್ತಿಗಾಗಲೇ ಆರು ವರ್ಷ ಉಗ್ರಾಣ ನೋಡಿಕೊಂಡಿದ್ದ. ಆ ಹಳೆಯ ಜಗಳದ ಕಾರಣವನ್ನು ಆಗ ಕೇಳಿದೆ. ಬಂದ ಸರಕು ಬಿಲ್ಲಿನಲ್ಲಿರುವುದಕ್ಕಿಂತ ಕಡಿಮೆ ಇದ್ದಾಗ ಪೂರ್ತಿ ಬಂದಿದೆ ಎಂದು ಸಹಿ ಹಾಕಲು ಅವನು ಒಪ್ಪಿರಲಿಲ್ಲ. ನಮಗೆ ಬೇಕಾಗಿದ್ದ ಮನುಷ್ಯ ಅವನೇ ಆಗಿದ್ದ, ಮತ್ತು ತನ್ನ ಅರ್ಜಿಯಲ್ಲಿ ಅವನು ಅದನ್ನೇ ನನಗೆ ತೋರಿಸಿದ್ದ. ಇಷ್ಟು ವರ್ಷಗಳಾದರೂ ಆ ಅರ್ಜಿಯ ನೀಲಿ ಶಾಯಿಯ ಅಕ್ಷರಗಳು ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ಸುಳ್ಳು ಬರೆಯುವುದನ್ನು ನಾನು ಸಮರ್ಥಿಸುತ್ತಿಲ್ಲ. ಇಲ್ಲದ ಅನುಭವವನ್ನು ಇದೆ ಎಂದು ಹೇಳುವುದು, ಮೊಹರು ಮಾಡಿಸಿ ಅನುಭವ ಪತ್ರ ಹುಟ್ಟಿಸುವುದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ವಂಚನೆಗೆ, 336ನೆಯದು ದಾಖಲೆ ಸೃಷ್ಟಿಗೆ, 340ನೆಯದು ಸೃಷ್ಟಿಸಿದ ದಾಖಲೆಯನ್ನು ನಿಜವೆಂದು ಬಳಸುವುದಕ್ಕೆ ಸಂಬಂಧಿಸಿದೆ. ನಮ್ಮ ಹುಡುಗರಲ್ಲಿ ಬಹಳ ಜನರಿಗೆ, ಆ ಕಾಗದವನ್ನು ತಯಾರಿಸಿದ ಅಂಗಡಿಯವನಷ್ಟೇ ತಪ್ಪಿತಸ್ಥ, ತಾನು ಅದನ್ನು ಮುಂದಿಟ್ಟವನು ಮಾತ್ರ ಎಂಬ ಭಾವನೆಯಿದೆ. ಕಾನೂನು ಹಾಗೆ ನೋಡುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನ ಪ್ರಕಾರ, ತಿಳಿದ ಸಂಗತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದೂ ಮೋಸದ ಒಂದು ರೂಪ. ಅಂಥ ಮೋಸದಿಂದ ಪಡೆದ ಒಪ್ಪಿಗೆಯ ಮೇಲೆ ನಿಂತ ಕರಾರನ್ನು ಮೋಸಹೋದವನು ರದ್ದು ಮಾಡಬಹುದೆಂದು 19ನೇ ಕಲಮು ಹೇಳುತ್ತದೆ. ಐದು ವರ್ಷ ಚೆನ್ನಾಗಿ ದುಡಿದ ಮೇಲೂ, ಸೇರುವಾಗ ಬರೆದ ಒಂದು ಸುಳ್ಳಿನಿಂದ ಕೆಲಸ ಹೋಗುವ ಭಯ ಆ ಮನುಷ್ಯನ ಬೆನ್ನ ಹಿಂದೆಯೇ ಇರುತ್ತದೆ. ಬಡ್ತಿ ಬಂದಾಗಲೂ, ಹಳೆಯ ಕಡತಗಳನ್ನು ತಪಾಸಣೆ ಮಾಡುತ್ತಾರೆಂಬ ಸುದ್ದಿ ಬಂದಾಗಲೂ ಮುಖ ಕಪ್ಪಿಟ್ಟ ಜನರನ್ನು ನಾನು ನನ್ನ ಮೇಜಿನ ಮುಂದೆ ಕಂಡಿದ್ದೇನೆ.

ಈಗಂತೂ ಮುಚ್ಚಿಟ್ಟದ್ದು ಹೊರಬರಲು ಬಹಳ ದಿನ ಹಿಡಿಯುವುದಿಲ್ಲ. ಭವಿಷ್ಯನಿಧಿ (ಪಿಎಫ್) ಯೋಜನೆಯಡಿ ಬರುವ ನೌಕರರಿಗೆ 2014ರಿಂದ ಹನ್ನೆರಡು ಅಂಕಿಗಳ ಯುಎಎನ್ ಸಂಖ್ಯೆ ಇದೆ. ಮನುಷ್ಯ ಎಷ್ಟು ಕಡೆ ಕೆಲಸ ಬದಲಿಸಿದರೂ ಆ ಸಂಖ್ಯೆ ಒಂದೇ, ಅದರ ಕೆಳಗೆ ಪ್ರತಿ ಸಂಸ್ಥೆಗೂ ಬೇರೆ ಸದಸ್ಯ ಸಂಖ್ಯೆ, ಸೇರಿದ ದಿನಾಂಕ, ಬಿಟ್ಟ ದಿನಾಂಕ ಸಾಲಾಗಿ ನಿಲ್ಲುತ್ತವೆ. ಹೊಸ ಕಡೆ ಸೇರುವಾಗ ತುಂಬಿಸುವ ಪಿಎಫ್ ಘೋಷಣೆಯಲ್ಲಿಯೂ ಹಿಂದಿನ ಖಾತೆಯ ವಿವರ ಕೇಳುತ್ತಾರೆ. ವರ್ಷದ ನಡುವೆ ಕೆಲಸ ಬದಲಿಸಿದವರು ಆದಾಯ ತೆರಿಗೆಯ ಲೆಕ್ಕಕ್ಕಾಗಿ ಹಿಂದಿನ ಸಂಸ್ಥೆಯ ವೇತನ ಮತ್ತು ತೆರಿಗೆ ಕಡಿತದ ವಿವರ ತರಬೇಕಾಗುತ್ತದೆ. ಬೆಂಗಳೂರಿನ ದೊಡ್ಡ ಕಂಪನಿಗಳಂತೆ ಇಲ್ಲಿಯ ಹಲವು ಸಂಸ್ಥೆಗಳೂ ಹಿನ್ನೆಲೆ ಪರಿಶೀಲನೆಯನ್ನು ಹೊರಗಿನ ಏಜೆನ್ಸಿಗಳಿಗೆ ಒಪ್ಪಿಸಿವೆ, ಆ ಏಜೆನ್ಸಿಗಳು ಅಭ್ಯರ್ಥಿಯಿಂದಲೇ ಪಿಎಫ್ ಪಾಸ್‌ಬುಕ್ಕನ್ನು ತರಿಸಿಕೊಂಡು ಅರ್ಜಿಯ ಜೊತೆ ಇಟ್ಟು ನೋಡುತ್ತವೆ. ಹದಿನಾಲ್ಕನ್ನು ಹದಿನೆಂಟು ಮಾಡು ಎಂದ ಅಂಗಡಿಯವನಿಗೆ ಇದು ತಿಳಿದಿರಲಿಕ್ಕಿಲ್ಲ.

ಇಲ್ಲಿಯವರೆಗಿನ ಮಾತನ್ನು ನೀವು ಒಪ್ಪುತ್ತೀರಿ. ಆದರೆ ನೀವು ನಂಬಿ ಕುಳಿತಿರುವ ಆ ದಾಖಲೆ ಯಾವಾಗಲೂ ನಿಜವನ್ನೇ ಹೇಳುತ್ತದೆಯೇ ಎಂಬುದನ್ನು ದಯವಿಟ್ಟು ನನ್ನೊಂದಿಗೆ ಸ್ವಲ್ಪ ನಿಧಾನವಾಗಿ ನೋಡಿರಿ, ಏಕೆಂದರೆ ನಮ್ಮ ಭಾಗದ ಹುಡುಗರಿಗೆ ಅತಿ ಹೆಚ್ಚು ಅನ್ಯಾಯವಾಗುತ್ತಿರುವುದು ಇದೇ ಜಾಗದಲ್ಲಿ.

ಗುತ್ತಿಗೆ ಕಾರ್ಮಿಕನ ವಿಷಯವನ್ನೇ ತೆಗೆದುಕೊಳ್ಳಿರಿ. ಹುಡುಗ ಒಂದು ದೊಡ್ಡ ಕಾರ್ಖಾನೆಯ ಗೇಟಿನೊಳಗೆ ಮೂರು ವರ್ಷ ದುಡಿದಿರುತ್ತಾನೆ. ಅಲ್ಲಿಯ ಸಮವಸ್ತ್ರ ತೊಟ್ಟು, ಅಲ್ಲಿಯ ಕ್ಯಾಂಟೀನಿನಲ್ಲಿ ಉಂಡು, ಅಲ್ಲಿಯ ಸೂಪರ್‌ವೈಸರ್ ಹೇಳಿದ ಶಿಫ್ಟಿಗೆ ಬಂದಿರುತ್ತಾನೆ. ಊರಿನವರೂ ಅವನು ಆ ಕಾರ್ಖಾನೆಯಲ್ಲಿದ್ದಾನೆ ಎಂದೇ ತಿಳಿದಿರುತ್ತಾರೆ. ಅರ್ಜಿಯಲ್ಲಿ ಅವನು ಆ ಕಾರ್ಖಾನೆಯ ಹೆಸರನ್ನು ಬರೆಯುತ್ತಾನೆ, ಅದರಲ್ಲಿ ಅವನಿಗೆ ಸುಳ್ಳು ಕಾಣುವುದಿಲ್ಲ. ಪಿಎಫ್ ದಾಖಲೆಯಲ್ಲಿ ಮಾತ್ರ ಅವನು ಹೆಸರನ್ನೂ ಸರಿಯಾಗಿ ಕೇಳಿರದ ಬೇರೆ ಊರಿನ ಒಬ್ಬ ಗುತ್ತಿಗೆದಾರ ಇರುತ್ತಾನೆ. ಗುತ್ತಿಗೆ ಬದಲಾದಾಗಲೊಮ್ಮೆ ಹೊಸ ಗುತ್ತಿಗೆದಾರನ ಹೆಸರಿನಲ್ಲಿ ಹೊಸ ಸದಸ್ಯ ಸಂಖ್ಯೆ ಹುಟ್ಟುತ್ತದೆ. ಒಂದೇ ಯಂತ್ರದ ಮುಂದೆ ಮೂರು ವರ್ಷ ಅಲುಗದೆ ನಿಂತವನು ಕಾಗದದ ಮೇಲೆ ಮೂರು ಕೆಲಸ ಬಿಟ್ಟವನಾಗುತ್ತಾನೆ. ಪರಿಶೀಲನೆಯ ಏಜೆನ್ಸಿ ‘ಹೊಂದಾಣಿಕೆ ಇಲ್ಲ’ ಎಂದು ಗುರುತು ಹಾಕುತ್ತದೆ, ನೀವು ಅವನನ್ನು ಸುಳ್ಳುಗಾರ ಎಂದುಕೊಳ್ಳುತ್ತೀರಿ. ಅರ್ಜಿಯಲ್ಲಿ ‘ಕೆಲಸ ಮಾಡಿದ ಸ್ಥಳ’ ಮತ್ತು ‘ಪಗಾರ ಕೊಟ್ಟ ಸಂಸ್ಥೆ’ ಎಂದು ಎರಡು ಅಂಕಣ ಮಾಡಿದರೆ ಈ ತೊಡಕಿನ ಬಹುಭಾಗ ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ನಾನು ಇದನ್ನು ಮಾಡಿ ನೋಡಿದ್ದೇನೆ, ಬರೆಯುವವರಿಗೆ ಯಾವ ಗೊಂದಲವೂ ಆಗಲಿಲ್ಲ.

ಬಿಟ್ಟ ದಿನಾಂಕದ್ದು ಇನ್ನೊಂದು ಕಥೆ. ನೌಕರ ಹೋದ ಮೇಲೆ ಆ ದಿನಾಂಕವನ್ನು ನಮೂದಿಸಬೇಕಾದವನು ಹಳೆಯ ಮಾಲೀಕ. ಅವನು ಉದಾಸೀನ ಮಾಡಿದರೆ ನೌಕರ ಹೊಸ ಕಡೆ ಸೇರಿದ ಮೇಲೂ ಹಳೆಯ ಕಡೆ ಇದ್ದಾನೆಂದೇ ದಾಖಲೆ ತೋರಿಸುತ್ತದೆ, ಏಕಕಾಲಕ್ಕೆ ಎರಡು ಕಡೆ ದುಡಿದ ಎಂಬ ಅನುಮಾನ ಅವನ ಮೇಲೆ ಬೀಳುತ್ತದೆ. ಕೊನೆಯ ಕಂತು ಜಮೆಯಾಗಿ ಎರಡು ತಿಂಗಳು ಕಳೆದ ಮೇಲೆ ಸದಸ್ಯನೇ ಆನ್‌ಲೈನ್‌ನಲ್ಲಿ ಆ ದಿನಾಂಕವನ್ನು ನಮೂದಿಸಿಕೊಳ್ಳುವ ಅನುಕೂಲ ಕೆಲವು ವರ್ಷಗಳಿಂದ ಇದೆ; ಆದರೆ ಅದು ಎಷ್ಟು ಜನರಿಗೆ ಗೊತ್ತು? ನವನಗರದ ಭವಿಷ್ಯನಿಧಿ ಕಚೇರಿಗೆ ಹಾವೇರಿ, ಗದಗ ಕಡೆಯಿಂದ ಒಂದು ದಿನದ ಪಗಾರ ಕಳೆದುಕೊಂಡು ಬಂದು, ಹಳೆಯ ಮಾಲೀಕ ಮಾಡಬೇಕಾಗಿದ್ದ ಐದು ನಿಮಿಷದ ಕೆಲಸಕ್ಕಾಗಿ ಕೈಮುಗಿದು ನಿಲ್ಲುವವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ದಾಖಲೆಯೇ ಇಲ್ಲದ ದುಡಿಮೆ ಇದಕ್ಕಿಂತ ದೊಡ್ಡದು. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗೆ ಪಿಎಫ್ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಕೊಪ್ಪೀಕರ ರಸ್ತೆಯ ಬಟ್ಟೆ ಅಂಗಡಿಯಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಅಂಗಡಿಯಲ್ಲಿ, ಸಣ್ಣ ಗ್ಯಾರೇಜಿನಲ್ಲಿ ಕೈಗೆ ರೊಕ್ಕ ಪಡೆದು ಐದಾರು ವರ್ಷ ದುಡಿದವನ ಹತ್ತಿರ ಅನುಭವ ಬಹಳ, ಕಾಗದ ಒಂದೂ ಇಲ್ಲ. ಒಮ್ಮೆ ಗದಗಿನ ಮುದ್ರಣಾಲಯವೊಂದರಲ್ಲಿ ಆರು ವರ್ಷ ಬೈಂಡಿಂಗ್ ಮಾಡಿದ ಮನುಷ್ಯ ನಮ್ಮ ಪ್ಯಾಕಿಂಗ್ ವಿಭಾಗಕ್ಕೆ ಕೆಲಸ ಕೇಳಿ ಬಂದಿದ್ದ. ಅನುಭವ ಪತ್ರ ಕೇಳಿದಾಗ, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಮಾಲೀಕರು ಬರೆದುಕೊಟ್ಟ ನಾಲ್ಕು ಸಾಲನ್ನು ತೆಗೆದು ಮೇಜಿನ ಮೇಲೆ ಇಟ್ಟ. ಅದರ ಮೇಲೆ ಮೊಹರಿರಲಿಲ್ಲ. ಆ ಚೀಟಿಯಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದೆ, ವಯಸ್ಸಾದ ಮಾಲೀಕರು ಅವನು ಬಿಟ್ಟು ಹೋದದ್ದಕ್ಕೆ ತಮಗಾದ ನಷ್ಟವನ್ನು ಹತ್ತು ನಿಮಿಷ ಹೇಳಿದರು. ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವುದಿದ್ದೀತು? ಮೊಹರಿಲ್ಲದ ಕಾಗದವನ್ನು ಕಂಡ ಕೂಡಲೇ ನಾವು ಅರ್ಜಿಯನ್ನು ಬದಿಗಿಡುವವರಾದರೆ, ಮೊಹರು ಮಾಡಿಕೊಡುವ ಅಂಗಡಿಗೆ ಗಿರಾಕಿಗಳನ್ನು ಕಳಿಸುವವರೂ ನಾವೇ ಆಗುತ್ತೇವೆ.

ಬಿಡುಗಡೆ ಪತ್ರವನ್ನು ತಡೆಹಿಡಿಯುವವರ ಬಗ್ಗೆ ನಾನು ಸ್ವಲ್ಪ ಕಠಿಣವಾಗಿಯೇ ಹೇಳಬೇಕಾಗಿದೆ. ನೌಕರ ರಾಜೀನಾಮೆ ಕೊಟ್ಟ ಸಿಟ್ಟಿಗೆ ಅನುಭವ ಪತ್ರ ಕೊಡದೆ ಆರು ತಿಂಗಳು ಓಡಾಡಿಸುವುದು, ಸೇರುವಾಗ ಇಸಿದುಕೊಂಡ ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿ ಇಟ್ಟುಕೊಂಡು ಹೆದರಿಸುವುದು ನಮ್ಮ ಅವಳಿ ನಗರದಲ್ಲಿ ಇಂದಿಗೂ ನಡೆದಿದೆ. ಕಾರ್ಖಾನೆಗಳ ಸೇವಾ ನಿಯಮಗಳಿಗೆ ಸಂಬಂಧಿಸಿದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ರೂಪಿಸಿದ ಮಾದರಿ ಆದೇಶಗಳಲ್ಲಿಯೇ, ಕೆಲಸದಿಂದ ವಜಾ ಆದ ಖಾಯಂ ಕಾರ್ಮಿಕನಿಗೂ ಸೇವಾ ಪ್ರಮಾಣಪತ್ರ ಪಡೆಯುವ ಹಕ್ಕನ್ನು ಕೊಟ್ಟಿದ್ದರು. ತಪ್ಪು ಮಾಡಿ ಹೊರಹೋದವನಿಗೂ ಅವನು ದುಡಿದ ದಿನಗಳ ಲೆಕ್ಕ ಸಲ್ಲಬೇಕೆಂಬ ತಿಳಿವಳಿಕೆ ಅಷ್ಟು ಹಿಂದೆಯೇ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕ ಪತ್ರ ಕೊಡುವುದನ್ನು ಮಾಲೀಕನ ಕರ್ತವ್ಯವನ್ನಾಗಿ ಮಾಡಿವೆ, ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕೆಂದೂ ಹೇಳಿವೆ. ಬಿಡುಗಡೆ ಪತ್ರ ಸಿಗದವನು ಮುಂದಿನ ಅರ್ಜಿಯಲ್ಲಿ ಆ ಕೆಲಸವನ್ನೇ ಬಿಟ್ಟು, ಆ ಎರಡು ವರ್ಷ ‘ಊರಲ್ಲಿ ಹೊಲ ನೋಡಿಕೊಂಡಿದ್ದೆ’ ಎಂದು ಬರೆಯುತ್ತಾನೆ. ಆ ಸುಳ್ಳಿಗೆ ಅವನೊಬ್ಬನೇ ಹೊಣೆಯೇ?

ಹೆಣ್ಣುಮಕ್ಕಳ ವಿಷಯದಲ್ಲಿ ಈ ಒತ್ತಡ ಇನ್ನೂ ಹೆಚ್ಚು. ಹೆರಿಗೆಗಾಗಿ, ಮಗುವಿಗಾಗಿ, ಹಾಸಿಗೆ ಹಿಡಿದ ಅತ್ತೆಗಾಗಿ ಮೂರು ವರ್ಷ ಕೆಲಸ ಬಿಟ್ಟವಳು ಆ ಮೂರು ವರ್ಷವನ್ನು ಅರ್ಜಿಯಲ್ಲಿ ಬಚ್ಚಿಡಲು ಪಡುವ ಪಾಡನ್ನು ನೋಡಿದ್ದೇನೆ. ಧಾರವಾಡದ ಒಬ್ಬ ಲೆಕ್ಕಪತ್ರ ಸಹಾಯಕಿ, ಮನೆಪಾಠ ಹೇಳುತ್ತಿದ್ದೆ ಎಂದು ಬರೆದು ತಂದಿದ್ದಳು. ಎಷ್ಟು ಮಕ್ಕಳಿಗೆ ಎಂದು ನಾನು ಸಹಜವಾಗಿ ಕೇಳಿದ ಕೂಡಲೇ ಅವಳ ಕಣ್ಣು ತುಂಬಿಬಂತು. ಹೆರಿಗೆ ರಜೆಯನ್ನು 2017ರಲ್ಲಿ 26 ವಾರಗಳಿಗೆ ಏರಿಸಿದ ದೇಶದಲ್ಲಿ ತಾಯಿಯೊಬ್ಬಳು ಮಗುವನ್ನು ನೋಡಿಕೊಂಡೆ ಎಂದು ಬರೆಯಲು ಅಂಜಬೇಕಾಗಿ ಬಂದದ್ದು ನಮ್ಮ ಪ್ರಶ್ನೆ ಕೇಳುವ ರೀತಿಯಿಂದಲೇ. 2020ರ ಮಾರ್ಚ್ ಕೊನೆಯ ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡು ಊರಿಗೆ ನಡೆದವರ ಖಾಲಿ ತಿಂಗಳುಗಳನ್ನೂ ಇಂದಿಗೂ ಕೆಲವರು ಅದೇ ದನಿಯಲ್ಲಿ ಕೇಳುತ್ತಾರೆ.

ಪ್ರಶ್ನೆ ಕೇಳುವ ರೀತಿಯ ಬಗ್ಗೆ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪನ್ನು ನೆನಪಿಸಲು ಬಯಸುತ್ತೇನೆ. 2016ರ ಜುಲೈನಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಸರ್ಕಾರಿ ನೌಕರಿಗೆ ಸೇರುವಾಗ ಕ್ರಿಮಿನಲ್ ಪ್ರಕರಣಗಳನ್ನು ಮುಚ್ಚಿಟ್ಟವರ ಬಗ್ಗೆ ವಿಚಾರ ಮಾಡಿತು. ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಲೇಬೇಕು, ಮುಚ್ಚಿಡಬಾರದು ಎಂದು ಹೇಳಿದ ಪೀಠ, ಕ್ಷುಲ್ಲಕ ಸಂಗತಿಯನ್ನು ಮುಚ್ಚಿಟ್ಟಿದ್ದರೆ ಉದ್ಯೋಗದಾತ ವಿವೇಚನೆ ಬಳಸಿ ಅದನ್ನು ಮನ್ನಿಸಬಹುದೆಂದೂ, ಮುಚ್ಚಿಟ್ಟ ಎಂದು ಹೇಳಬೇಕಾದರೆ ನಮೂನೆಯಲ್ಲಿ ಕೇಳಿದ ಪ್ರಶ್ನೆ ಸ್ಪಷ್ಟವಾಗಿರಬೇಕೆಂದೂ, ನಿರ್ದಿಷ್ಟವಾಗಿ ಕೇಳಿದ್ದನ್ನು ಮಾತ್ರ ಅಭ್ಯರ್ಥಿ ಹೇಳಬೇಕಾಗುತ್ತದೆಂದೂ ವಿವರಿಸಿತು. ನಮ್ಮ ವಿಷಯ ಅದಕ್ಕಿಂತ ಬೇರೆ. ಆದರೂ ಅದರಲ್ಲಿರುವ ನ್ಯಾಯಬುದ್ಧಿ ಒಂದು ಸಣ್ಣ ಕಾರ್ಖಾನೆಯ ಅರ್ಜಿ ನಮೂನೆಗೂ ದಾರಿ ತೋರಿಸಬಲ್ಲದು. ‘ಅನುಭವ’ ಎಂದು ಒಂದೇ ಪದ ಬರೆದು ಕೆಳಗೆ ಎರಡು ಗೆರೆ ಎಳೆದರೆ, ಎಷ್ಟು ವರ್ಷ ಹಿಂದಿನದು, ತರಬೇತಿ ಸೇರಿತೋ ಇಲ್ಲವೋ, ಮೂರು ತಿಂಗಳ ಕೆಲಸ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಹುಡುಗರು ತಮಗೆ ತಿಳಿದಂತೆ ಊಹಿಸುತ್ತಾರೆ. ಅಪ್ರೆಂಟಿಸ್ ಆಗಿದ್ದ ಒಂದು ವರ್ಷವನ್ನು ನೌಕರಿ ಎಂದು ಬರೆದು ಸಿಕ್ಕಿಬಿದ್ದ ಹುಡುಗರು ಬಹಳ. 1961ರ ಅಪ್ರೆಂಟಿಸ್ ಕಾಯ್ದೆಯ ದೃಷ್ಟಿಯಲ್ಲಿ ಅವರು ತರಬೇತಿಯಲ್ಲಿದ್ದವರೇ ಹೊರತು ನೌಕರರಲ್ಲ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು. ಎಷ್ಟು ವರ್ಷಗಳ ವಿವರ ಬೇಕೋ ಅಷ್ಟನ್ನು ತಿಳಿಯಾದ ಕನ್ನಡದಲ್ಲಿ ಕೇಳಿರಿ. ‘ಬಿಟ್ಟ ಕಾರಣ’ ಎಂಬ ಅಂಕಣಕ್ಕೆ ಎರಡು ಬೆರಳಿನಷ್ಟು ಜಾಗ ಕೊಡುವ ಬದಲು, ಮನುಷ್ಯ ನಾಲ್ಕು ಸಾಲು ಬರೆಯುವಷ್ಟು ಜಾಗ ಬಿಡಿರಿ. ಸಣ್ಣ ಅವಧಿಯ ಕೆಲಸ, ಕೆಲಸದಿಂದ ತೆಗೆದದ್ದು, ನಡುವೆ ಖಾಲಿ ಉಳಿದದ್ದು, ಇವುಗಳಲ್ಲಿ ಯಾವುದೇ ಒಂದರ ಕಾರಣಕ್ಕೆ ಅರ್ಜಿಯನ್ನು ನೋಡದೆ ತಿರಸ್ಕರಿಸುವುದಿಲ್ಲ ಎಂದು ನಮೂನೆಯ ತಲೆಯ ಮೇಲೆಯೇ ಅಚ್ಚು ಹಾಕಿಸಿರಿ, ಹಾಕಿಸಿದ ಮೇಲೆ ಹಾಗೆಯೇ ನಡೆದುಕೊಳ್ಳಿರಿ. ದಾಖಲೆಗೂ ಅರ್ಜಿಗೂ ಹೊಂದದಿದ್ದರೆ ನಿರ್ಧಾರಕ್ಕೆ ಮೊದಲು ಅಭ್ಯರ್ಥಿಯನ್ನು ಕರೆದು ಕೇಳಿರಿ. ಅವನು ಈಗ ದುಡಿಯುತ್ತಿರುವ ಕಡೆಗೆ ಅವನ ಒಪ್ಪಿಗೆಯಿಲ್ಲದೆ ಫೋನ್ ಮಾಡಬೇಡಿರಿ. ಹೊಸದು ಸಿಗುವ ಮೊದಲೇ ಇದ್ದ ಕೆಲಸ ಕಳೆದುಕೊಂಡು ಬೀದಿಗೆ ಬಿದ್ದ ಸಂಸಾರವನ್ನು ನಾನು ಕಂಡಿದ್ದೇನೆ. ಬೇರೆಯವರು ನಿಮ್ಮ ಹಳೆಯ ನೌಕರನ ಬಗ್ಗೆ ವಿಚಾರಿಸಿದಾಗ ಸೇರಿದ ದಿನ, ಬಿಟ್ಟ ದಿನ, ಮಾಡಿದ ಹುದ್ದೆ ಇಷ್ಟನ್ನು ನಿಜವಾಗಿ ಹೇಳಿರಿ, ಹಳೆಯ ಸಿಟ್ಟನ್ನು ಅದರಲ್ಲಿ ಬೆರೆಸಬೇಡಿರಿ. ಇಷ್ಟೆಲ್ಲ ಅವಕಾಶ ಕೊಟ್ಟ ಮೇಲೂ ಸುಳ್ಳು ಬರೆದವನನ್ನು ನೀವು ತಿರಸ್ಕರಿಸಿದರೆ ಅವನ ಪರವಾಗಿ ನಾನು ಒಂದು ಮಾತನ್ನೂ ಆಡುವುದಿಲ್ಲ.

ಕೆಲಸ ಹುಡುಕುವ ಹುಡುಗ ಹುಡುಗಿಯರು ಈ ಪತ್ರವನ್ನು ಓದಿದರೆ ಅವರಿಗೂ ಒಂದೆರಡು ಮಾತು. ನೀವೇ ಬರೆದುಕೊಂಡು ಹೋಗುವ ಬಯೋಡೇಟಾದಲ್ಲಿ ಈ ಕೆಲಸಕ್ಕೆ ಸಂಬಂಧವಿಲ್ಲದ ಎರಡು ತಿಂಗಳ ಅಂಗಡಿ ಚಾಕರಿಯನ್ನು ಬರೆಯದಿದ್ದರೆ ಅದು ಮೋಸವಲ್ಲ, ಅದು ನಿಮ್ಮ ಆಯ್ಕೆ. ಆದರೆ ನಮೂನೆ ‘ಎಲ್ಲ ಉದ್ಯೋಗಗಳು’ ಎಂದು ಕೇಳಿ, ಕೆಳಗೆ ‘ಮೇಲಿನ ವಿವರಗಳೆಲ್ಲ ಸತ್ಯವಾಗಿವೆ’ ಎಂಬ ಸಾಲಿಗೆ ನೀವು ಸಹಿ ಹಾಕಿದ ಮೇಲೆ, ಬಿಟ್ಟ ಪ್ರತಿಯೊಂದೂ ಸುಳ್ಳಾಗುತ್ತದೆ. ಅರ್ಜಿ ಬರೆಯುವ ಮೊದಲು ನಿಮ್ಮ ಪಿಎಫ್ ಪಾಸ್‌ಬುಕ್ಕನ್ನು ತೆಗೆದು ಅದರ ದಿನಾಂಕಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿರಿ, ತಪ್ಪಿದ್ದರೆ ಮೊದಲೇ ತಿದ್ದಿಸಿಕೊಳ್ಳಿರಿ. ತಿದ್ದಲು ಆಗದಿದ್ದರೆ, ದಾಖಲೆಯಲ್ಲಿ ಹೀಗಿದೆ, ನಡೆದದ್ದು ಹೀಗೆ ಎಂದು ನೀವಾಗಿಯೇ ಮೊದಲು ಹೇಳಿರಿ. ಕೆಲಸದಿಂದ ತೆಗೆದಿದ್ದರೆ ಅದನ್ನೂ ಹೇಳಿರಿ. ನಿಮ್ಮ ತಪ್ಪಿದ್ದರೆ ಅದನ್ನು ಒಪ್ಪಿಕೊಳ್ಳಿರಿ, ಅಂದಿನಿಂದ ಏನು ಕಲಿತಿರಿ ಎಂಬುದನ್ನು ತೋರಿಸಿರಿ.

ಸವಣೂರಿನ ಆ ಹುಡುಗ ಸದ್ಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ದಿನಗೂಲಿಗೆ ದುಡಿಯುತ್ತಿದ್ದಾನೆ. ಮೊನ್ನೆ ಇನ್ನೊಂದು ಕಾರ್ಖಾನೆಯ ನಮೂನೆಯನ್ನು ತಂದು ನನ್ನ ಮುಂದೆ ಇಟ್ಟ. ಈ ಸಲ ಬರೆಯಲೋ ಬೇಡವೋ ಎಂದು ಅವನು ಕೇಳಲಿಲ್ಲ, ಬರೆ ಎಂದು ಹೇಳುವ ಧೈರ್ಯ ನನಗೂ ಇರಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಮೊದಲಿನ ಸಾಲಿನಲ್ಲಿ ಆ ನಾಲ್ಕು ತಿಂಗಳಿನ ಕೆಲಸವನ್ನೇ ತಾನಾಗಿ ಬರೆದ. ಮುಂದಿನ ವಾರ ಆ ಅರ್ಜಿ ನಿಮ್ಮಲ್ಲಿ ಒಬ್ಬರ ಮೇಜಿಗೆ ಬರುತ್ತದೆ. ಆ ಸಾಲನ್ನು ಓದಿದ ಮೇಲೆ ಅವನನ್ನು ಒಳಗೆ ಕರೆದು, ಹತ್ತು ನಿಮಿಷ ಕೂಡಿಸಿ, ಒಂದು ಡ್ರಾಯಿಂಗ್ ಕೈಗೆ ಕೊಟ್ಟು, ಲೇತ್ ಮುಂದೆ ಒಮ್ಮೆ ನಿಲ್ಲಿಸಿ ನೋಡಿರಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಿಬ್ಬಂದಿ ಅಧಿಕಾರಿ
ಹುಬ್ಬಳ್ಳಿ